ನೋಡಿ ಮುಗಿಸುವ ಊರಲ್ಲ ಬಾಂದ್ರಾ

ಮಗಳೇ,

ಬಾಂದ್ರಾ ಎಲ್ಲ ನೋಡಿ ಆಯ್ತು ಮಾವ, ಒಂದೇ ಭಾನುವಾರದಲ್ಲಿ ಮುಗಿಸಿಬಿಟ್ಟೆ ಅಂತ ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಅದಕ್ಕೇ ಈ ಕಾಗದ. ಫೋಟೊಗಳು ಬಂದಿವೆ. ಮನ್ನತ್ ಗೇಟಿನ ಮುಂದೆ ನೀನು, ಕೋಟೆಯ ಕಲ್ಲಿನ ಮೇಲೆ ನೀನು, ಮೌಂಟ್ ಮೇರಿಯ ಮೆಟ್ಟಿಲ ಮೇಲೆ ನೀನು, ಕಾರ್ಟರ್ ರೋಡಿನಲ್ಲಿ ಸೂರ್ಯನನ್ನು ಅಂಗೈಯಲ್ಲಿ ಹಿಡಿದುಕೊಂಡ ನೀನು. ನಿನ್ನ ಅತ್ತೆ ಒಂದೊಂದನ್ನೂ ದೊಡ್ಡದು ಮಾಡಿ ನೋಡಿ, ಹುಡುಗಿ ಸೊರಗಿದ್ದಾಳೆ ಎಂದಳು. ಅದು ಅವಳು ಎಲ್ಲರ ಫೋಟೊ ನೋಡಿದಾಗಲೂ ಹೇಳುವ ಮಾತು, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಮನ್ನತ್, ಅಂದರೆ ಸಿನಿಮಾ ನಟನ ಮನೆಯ ಮುಂದೆ ನಿಂತದ್ದಕ್ಕೆ ನನ್ನದೇನೂ ತಕರಾರಿಲ್ಲ. ನಮ್ಮ ಕಾಲದಲ್ಲೂ ನಿಲ್ಲುತ್ತಿದ್ದರು, ನಟರು ಬೇರೆ ಇದ್ದರು ಅಷ್ಟೆ. ನಾನು ಹೇಳುವುದು ಬೇರೆ. ಬಾಂದ್ರಾದ ದಂಡೆ, ಪಾರ್ಕು, ಗಲ್ಲಿಗಳು ಒಮ್ಮೆ ನೋಡಿ ಬರುವಂಥವಲ್ಲ, ದಿನಾ ಬಳಸುವಂಥವು. ನಿನ್ನ ಪಿಜಿಯಲ್ಲಿ ಮೂವರಿಗೆ ಒಂದು ಖೋಲಿ, ಮಂಚಗಳ ನಡುವೆ ಒಬ್ಬರು ನಡೆದರೆ ಇನ್ನೊಬ್ಬರು ಕಾಲು ಮೇಲೆ ಎತ್ತಿಕೊಳ್ಳಬೇಕು ಎಂದು ನೀನೇ ಹೇಳಿದ್ದೆ. ಊರಿನಲ್ಲಿ ನಮಗೆ ಜಗಲಿಯಿತ್ತು, ಅಂಗಳವಿತ್ತು. ಮುಂಬಯಿಯಲ್ಲಿ ಅವೆರಡೂ ಮನೆಯ ಹೊರಗಿವೆ, ಎಲ್ಲರಿಗೂ ಸೇರಿ ಒಂದೇ. ಅದನ್ನು ಬಳಸದೆ ಖೋಲಿಯಲ್ಲೇ ಕೂತವರು ಈ ಊರಿಗೆ ಪೂರ್ತಿ ಬಾಡಿಗೆ ಕೊಟ್ಟು ಅರ್ಧ ಮನೆಯಲ್ಲಿ ಇದ್ದ ಹಾಗೆ.

ಅದೂ ಅಲ್ಲದೆ, ಆ ಅಂಗಳ ಪುಕ್ಕಟೆ ಸಿಕ್ಕಿದ್ದಲ್ಲ. ನೀನು ಫೋಟೊ ತೆಗೆದ ಒಂದೊಂದು ಜಾಗವನ್ನೂ ಯಾರೋ ಹಟ ಹಿಡಿದು ಉಳಿಸಿದ್ದಾರೆ, ಇಲ್ಲವೆ ಕಸದ ರಾಶಿಯೊಳಗಿಂದ ಎಬ್ಬಿಸಿದ್ದಾರೆ. ಜಾಗರ್ಸ್ ಪಾರ್ಕ್ ನೋಡು. ಕಾರ್ಟರ್ ರೋಡಿನ ದಕ್ಷಿಣದ ತುದಿಯಲ್ಲಿ ಸಮುದ್ರಕ್ಕೆ ಒತ್ತಿಕೊಂಡಿರುವ ಆ ತುಂಡು ನೆಲ ಮೊದಲು ಕಸ ಸುರಿಯುವ ಜಾಗ. ಯಾರದೋ ತಲೆಯಲ್ಲಿ ಹುಟ್ಟಿದ ಯೋಚನೆಯಿಂದ 1990ರಲ್ಲಿ ಅದು ಪಾರ್ಕಾಯಿತು. ಬಾಂದ್ರಾ ಕೋಟೆಯದೂ ಅದೇ ಕತೆ. ಮಾಹೀಮ್ ಕೊಲ್ಲಿಗೆ ಬರುವ ಹಡಗುಗಳ ಮೇಲೆ ಕಣ್ಣಿಡಲು ಪೋರ್ಚುಗೀಸರು 1640ರಲ್ಲಿ ಕಟ್ಟಿದ ಕಾವಲು ಕೋಟೆ ಅದು. ಹಡಗಿನವರಿಗೆ ಕುಡಿಯುವ ನೀರೂ ಅಲ್ಲಿ ಸಿಗುತ್ತಿತ್ತು. 1739ರಲ್ಲಿ ಸಾಷ್ಟಿ ದ್ವೀಪ ಮರಾಠರ ಕೈಸೇರುವ ಹೊತ್ತಿಗೆ ಅವರ ಪಾಲಾಗದಿರಲಿ ಎಂದು ಬ್ರಿಟಿಷರು ಅದನ್ನು ಕೆಡವಿಹಾಕಿದರು. ಅಳಿದುಳಿದ ಗೋಡೆ, ಕಮಾನು ಬೀಳುವ ಸ್ಥಿತಿಗೆ ಬಂದಾಗ ಬ್ಯಾಂಡ್‌ಸ್ಟ್ಯಾಂಡಿನ ನಿವಾಸಿಗಳು ಟ್ರಸ್ಟ್ ಕಟ್ಟಿಕೊಂಡು, ಆಗ ರಾಜ್ಯಸಭಾ ಸದಸ್ಯೆಯಾಗಿದ್ದ ಶಬಾನಾ ಆಜ್ಮಿ ಅವರ ನಿಧಿಯ ನೆರವಿನಿಂದ 2003ರ ಹೊತ್ತಿಗೆ ರಿಪೇರಿ ಶುರುಮಾಡಿಸಿದರು. ಬ್ಯಾಂಡ್‌ಸ್ಟ್ಯಾಂಡ್, ಕಾರ್ಟರ್ ರೋಡುಗಳ ಉದ್ದಕ್ಕೂ ನೀನು ನಡೆದೆಯಲ್ಲ, ಆ ನಡೆದಾರಿಗಳನ್ನು ರೂಪಿಸಿದವರು ಪಿ.ಕೆ. ದಾಸ್ ಎಂಬ ವಾಸ್ತುಶಿಲ್ಪಿ, ಅವರ ಬೆನ್ನಿಗೆ ನಿಂತವರು ಅಲ್ಲಿಯ ಜನ. ಈಗ ಆ ಕೋಟೆಯ ಕಲ್ಲಿನ ಮೇಲೆ ಪ್ರೇಮಿಗಳು ಮೊಳೆಯಿಂದ ಹೆಸರು ಕೆತ್ತಿ ಹೋಗುತ್ತಾರೆ. ಮಾಡಿದವರು ಸಿಕ್ಕರೆ ಎರಡು ಮಾತು ಹೇಳಬೇಕೆನಿಸುತ್ತದೆ. ಪ್ರೀತಿ ಮಾಡಬೇಡಿ ಎಂದಲ್ಲ, ಕಲ್ಲು ಬಿಡಿ ಎಂದು.

ಪ್ರೇಮಿಗಳ ಮಾತು ಬಂತು, ಹೇಳಿಯೇಬಿಡುತ್ತೇನೆ. ಬ್ಯಾಂಡ್‌ಸ್ಟ್ಯಾಂಡಿನ ಬಂಡೆಗಳ ಮೇಲೆ ಊರಿಗೆ ಬೆನ್ನು ಹಾಕಿ, ಒಂದೇ ಕೊಡೆಯೊಳಗೆ ಕೂತ ಜೋಡಿಗಳನ್ನು ನೋಡಿ ನಿನ್ನ ಗೆಳತಿ ನಕ್ಕಳು ಎಂದೆ. ನಗಬೇಡಿ, ತಿರುತಿರುಗಿ ನೋಡಲೂ ಬೇಡಿ. ಎಂಟು ಜನ ಒಂದೇ ಖೋಲಿಯಲ್ಲಿ ಮಲಗುವ ಊರಿನಲ್ಲಿ ಇಬ್ಬರು ಒಬ್ಬರಿಗೊಬ್ಬರು ಮಾತಾಡಲು ಇರುವ ಜಾಗ ಅದೊಂದೇ. ಅವರನ್ನು ಅವರ ಪಾಡಿಗೆ ಬಿಡುವುದು ಈ ಊರಿನ ಸಭ್ಯತೆ. ಊರಿಂದ ಬಂದ ನಮ್ಮಂಥವರು ಅದನ್ನು ಬೇಗ ಕಲಿತಷ್ಟೂ ಒಳ್ಳೆಯದು.

ಆದರೆ ಆ ಬಂಡೆಗಳ ವಿಷಯದಲ್ಲಿ ಮಾತ್ರ ನನ್ನ ಮಾತು ಕೇಳಲೇಬೇಕು, ಇಲ್ಲಿ ಸಲಿಗೆ ಇಲ್ಲ. 2016ರ ಜನವರಿಯಲ್ಲಿ ಅದೇ ಬ್ಯಾಂಡ್‌ಸ್ಟ್ಯಾಂಡಿನಲ್ಲಿ ಸೆಲ್ಫಿ ತೆಗೆಯಲು ಹೋಗಿ ನಿನಗಿಂತ ಚಿಕ್ಕ ಹುಡುಗಿಯೊಬ್ಬಳು ನೀರುಪಾಲಾದಳು. ಕಾಪಾಡಲು ಸಮುದ್ರಕ್ಕೆ ಇಳಿದವನೂ ಬದುಕಿ ಬರಲಿಲ್ಲ. ಅದಾದ ಮೇಲೆ ಪೊಲೀಸರು ನಗರದ 16 ಕಡೆ ಸೆಲ್ಫಿ ಬೇಡವೆಂದು ಗುರುತು ಮಾಡಿದರು. 2023ರ ಮಳೆಗಾಲದಲ್ಲೂ ಮಕ್ಕಳು ಕ್ಯಾಮೆರಾ ಹಿಡಿದು ನೋಡುತ್ತಿದ್ದಂತೆಯೇ ತಾಯಿಯೊಬ್ಬಳನ್ನು ಅಲೆ ಎಳೆದುಕೊಂಡು ಹೋಯಿತು. ನೀನು ಕಡಲ ದಂಡೆಯಲ್ಲಿ ಹುಟ್ಟಿದವಳು, ಭರತ ಇಳಿತ ಯಾರೂ ಹೇಳಿಕೊಡಬೇಕಿಲ್ಲ. ಆದರೂ ಇಲ್ಲಿಯ ಕಪ್ಪು ಬಂಡೆ ನಮ್ಮ ಕಡೆಯ ಮರಳದಂಡೆಯಂತಲ್ಲ. ಇಳಿತದಲ್ಲಿ ಕಾಲಿಟ್ಟ ಬಂಡೆಯ ಹಿಂದಿನ ತಗ್ಗು ಮೊದಲು ತುಂಬುತ್ತದೆ. ನೀನು ಮುಂದಿನ ಸಮುದ್ರ ನೋಡುತ್ತಿರುವಾಗ ಹಿಂದಿನ ದಾರಿ ಮುಚ್ಚಿರುತ್ತದೆ. ಬಂಡೆಯ ಮೇಲಿನ ಪಾಚಿಗೆ ನಿನ್ನ ಕಂಪನಿ ಶೂ ಏನೂ ಅಲ್ಲ. ಭರತ ದಿನದಿಂದ ದಿನಕ್ಕೆ ಹೆಚ್ಚುಕಡಿಮೆ 50 ನಿಮಿಷ ತಡವಾಗುತ್ತದೆ. ಕಳೆದ ವಾರ ಸಂಜೆ ಐದಕ್ಕೆ ನೀರಿರಲಿಲ್ಲ ಎಂದು ಈ ವಾರವೂ ಇರುವುದಿಲ್ಲ ಎಂದುಕೊಳ್ಳಬೇಡ. ಮಳೆಗಾಲದಲ್ಲಿ ನಾಲ್ಕೂವರೆ ಮೀಟರಿಗಿಂತ ಎತ್ತರದ ಭರತ ಇದ್ದ ದಿನ ಪಾಲಿಕೆಯವರು ಮೊದಲೇ ತಿಳಿಸುತ್ತಾರೆ. ಆವತ್ತು ಕಟ್ಟೆಯ ಈಚೆಗೇ ಇರು. ಫೋನ್ ಕಿಸೆಯಲ್ಲಿರಲಿ.

ಹಾಗಾದರೆ ಹೇಗೆ ಬಳಸುವುದು ಎಂದು ಕೇಳುತ್ತೀ. ಒಂದು ಜಾಗ ಆರಿಸಿಕೋ. ಒಂದೇ. ಜಾಗರ್ಸ್ ಪಾರ್ಕ್ ನಿನಗೆ ಹತ್ತಿರ, ಟಿಕೆಟ್ಟೂ ಹೊರೆಯಲ್ಲ. ತೆರೆಯುವ ಹೊತ್ತು ಕೇಳಿಕೊಂಡು ಬೆಳಿಗ್ಗೆ ಆಫೀಸಿಗೆ ಮುಂಚೆ ಹೋಗು. ಮೊದಲ ವಾರ ಯಾರೂ ನಿನ್ನತ್ತ ನೋಡುವುದಿಲ್ಲ. ಬೆಂಚಿನ ಮೇಲೆ ಶುಗರ್, ಬಿಪಿ, ಮಗನ ಅಮೆರಿಕ, ಸೊಸೈಟಿ ಮೀಟಿಂಗಿನ ಜಗಳ, ಇಷ್ಟೇ ಮಾತು. ನಾಲ್ಕು ದಿನ ಅದೇ ಹೊತ್ತಿಗೆ ಕಂಡರೆ ಯಾರೋ ಒಬ್ಬ ಆಂಟಿ ತಲೆ ಆಡಿಸುತ್ತಾಳೆ. ಒಂದು ದಿನ ನೀನು ಬರದಿದ್ದರೆ ಮರುದಿನ ಕೇಳುತ್ತಾಳೆ, ಕಲ್ ಕಿಧರ್ ಥೀ, ಅಂತ. ಪರವೂರಿನಲ್ಲಿ ನೀನು ಬಾರದ ದಿನ ಗಮನಿಸುವ ಒಂದು ಜೀವ ಇದ್ದರೆ ನಿನ್ನ ಅಮ್ಮ ಊರಿನಲ್ಲಿ ನೆಮ್ಮದಿಯಿಂದ ಮಲಗುತ್ತಾಳೆ. ಇನ್‌ಸ್ಟಾಗ್ರಾಮ್ ಎಷ್ಟೇ ಮಾಡಲಿ, ನೀನು ಬರಲಿಲ್ಲ ಎಂದು ಕೇಳುವುದಿಲ್ಲ.

ಹೆಣ್ಣುಮಗಳು ಒಬ್ಬಳೇ ಕೂತಿದ್ದರೆ ಜನ ಏನಂದಾರು ಎಂಬ ಅಳುಕು ನಿನಗಿದೆ, ಗೊತ್ತು. ನಮ್ಮ ಊರಿನಲ್ಲಿ ಹೆಂಗಸರು ದಾರಿಯಲ್ಲಿ ನಡೆಯಬಹುದು, ಸುಮ್ಮನೆ ನಿಲ್ಲುವಂತಿಲ್ಲ. ನಿಂತರೆ ಯಾರಿಗೆ ಕಾಯುತ್ತಿದ್ದೀ ಎಂದು ಕೇಳುತ್ತಾರೆ. ಈ ಮುಂಬಯಿಯಲ್ಲೂ ಅದು ಪೂರ್ತಿ ಹೋಗಿಲ್ಲ. ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ ಎಂಬ ಮೂವರು ಇದೇ ಊರಿನ ಹೆಂಗಸರ ಓಡಾಟ ನೋಡಿ 2011ರಲ್ಲಿ 'ವೈ ಲಾಯ್ಟರ್?' ಎಂಬ ಪುಸ್ತಕ ತಂದರು. ಕೆಲಸವಿಲ್ಲದೆ ಸುಮ್ಮನೆ ಹೊರಗಿರುವುದೂ ಹೆಣ್ಣಿನ ಹಕ್ಕು ಎಂಬುದು ಅದರ ವಾದ. ನಿನ್ನ ಅತ್ತೆ ಅದನ್ನು ಓದಿ, ಇಷ್ಟು ವರ್ಷ ತರಕಾರಿ ಚೀಲ ಹಿಡಿದುಕೊಂಡೇ ಹೊರಗೆ ಹೋಗುತ್ತಿದ್ದೆನಲ್ಲ ಎಂದಳು. ಈಗ ಖಾಲಿ ಕೈಯಲ್ಲಿ ಹೋಗುತ್ತಾಳೆ. ನೀನೂ ಹೋಗು. ಕಾರ್ಟರ್ ರೋಡಿನ ಕಟ್ಟೆ ರಾತ್ರಿ ಒಂಬತ್ತಕ್ಕೂ ತುಂಬಿರುತ್ತದೆ, ಜನ ಇರುವ ಕಡೆ ಕೂರು. ಕತ್ತಲಾದ ಮೇಲೆ ಕೋಟೆಯ ಮೂಲೆ ಬೇಡ. ಅದು ಹೆದರಿಕೆಯ ಮಾತಲ್ಲ, ಲೆಕ್ಕಾಚಾರದ ಮಾತು.

ಅದೇ ಕಟ್ಟೆಯ ಮೇಲೆ ಕಿವಿ ತೆರೆದು ಕೂತರೆ ನಿನಗೆ ಕನ್ನಡ ಕೇಳಿಸುತ್ತದೆ. ಮಂಗಳೂರಿನ ಕ್ಯಾಥೊಲಿಕರು ಬಾಂದ್ರಾದಲ್ಲಿ ನೆಲೆನಿಂತು ತಲೆಮಾರುಗಳಾದವು. ಮನೆಯಲ್ಲಿ ಕೊಂಕಣಿ, ಊರಿನವರು ಸಿಕ್ಕರೆ ತುಳುವೋ ಕನ್ನಡವೋ. ಕಟ್ಟಡದ ಕೆಲಸಕ್ಕೆ ಬಂದ ಕಲಬುರಗಿ, ಯಾದಗಿರಿ ಕಡೆಯವರು ಭಾನುವಾರ ಸಂಜೆ ತೊಳೆದ ಅಂಗಿ ಹಾಕಿಕೊಂಡು ಮಕ್ಕಳನ್ನು ಸಮುದ್ರ ತೋರಿಸಲು ಕರೆತರುತ್ತಾರೆ. ಅವರ ಕನ್ನಡ ನಿನ್ನ ಕನ್ನಡದಂತಿಲ್ಲ ಎಂದು ಮುಖ ತಿರುಗಿಸಬೇಡ. ಯಾವ ಊರು ರೀ ಅಂತ ಕೇಳು. ಆ ಮಗು ಪಾಲಿಕೆಯ ಕನ್ನಡ ಶಾಲೆಗೆ ಹೋಗುತ್ತಿದ್ದರೂ ಇರಬಹುದು. ಮುಂಬಯಿ ಪಾಲಿಕೆ ಕನ್ನಡ ಶಾಲೆಗಳನ್ನೂ ನಡೆಸುತ್ತದೆ ಎಂದು ನಿನ್ನ ಆಫೀಸಿನಲ್ಲಿ ಎಷ್ಟು ಜನಕ್ಕೆ ಗೊತ್ತು?

ಬ್ಯಾಂಡ್‌ಸ್ಟ್ಯಾಂಡಿನಲ್ಲಿ ನೀನು ಮನ್ನತ್ ಹುಡುಕಿದೆ. ನಾನಾಗಿದ್ದರೆ ಅದೇ ರಸ್ತೆಯಲ್ಲಿ ಯಶವಂತ ಚಿತ್ತಾಲರಿದ್ದ ಕಡೆ ಮೊದಲು ಕತ್ತೆತ್ತಿ ನೋಡುತ್ತಿದ್ದೆ. ನಮ್ಮ ಹನೇಹಳ್ಳಿಯವರು. 1928ರಲ್ಲಿ ಹುಟ್ಟಿ, ರಾಸಾಯನಿಕ ತಂತ್ರಜ್ಞರಾಗಿ ಕಂಪನಿಯಲ್ಲಿ ದುಡಿದು, ಸಮುದ್ರಕ್ಕೆ ಮುಖ ಮಾಡಿದ ಬ್ಯಾಂಡ್‌ಸ್ಟ್ಯಾಂಡಿನ ಮನೆಯಲ್ಲಿ ಕೂತು ಬರೆದರು. 2014ರಲ್ಲಿ ತೀರಿಕೊಂಡರು. ಅವರ 'ಶಿಕಾರಿ' 1979ರದ್ದು. ಕಂಪನಿಯೊಂದರಲ್ಲಿ ಒಳ್ಳೆಯ ಹುದ್ದೆಯಲ್ಲಿದ್ದ ನಾಗಪ್ಪನನ್ನು ಸುತ್ತಲಿನವರೇ ಬೇಟೆಯಾಡುವ ಕತೆ, ನಡೆಯುವುದು ಇದೇ ಊರಿನಲ್ಲಿ. ನೀನು ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ, ಅಂದರೆ ಬಿಕೆಸಿಯ, ಗಾಜಿನ ಕಟ್ಟಡದಲ್ಲಿ ಅಪ್ರೈಸಲ್ ಎಂದು ನಡುಗುತ್ತೀಯಲ್ಲ, ಓದಿನೋಡು, ನಿನ್ನ ಬಾಸ್‌ನ ಮುಖ ಅಲ್ಲಿ ಸಿಕ್ಕೀತು. ಓದಿ ತಲೆ ಕೆಟ್ಟರೆ ಗೋಕರ್ಣದ ಜಯಂತ ಕಾಯ್ಕಿಣಿಯವರ ಮುಂಬಯಿ ಕತೆಗಳನ್ನು ತೆಗೆ. ಅಲ್ಲಿ ಇದೇ ಊರು, ಇದೇ ಲೋಕಲ್ಲು, ಆದರೆ ಗುರುತಿಲ್ಲದವರು ಒಬ್ಬರಿಗೊಬ್ಬರು ಆಗಿಬರುತ್ತಾರೆ. ಯಾರ ಮುಂಬಯಿ ನಿಜ ಎಂದು ನನ್ನನ್ನು ಕೇಳಬೇಡ. ವಾರದ ದಿನಗಳಲ್ಲಿ ಚಿತ್ತಾಲರದ್ದು, ಭಾನುವಾರ ಕಾಯ್ಕಿಣಿಯವರದ್ದು ಎಂದು ನನ್ನ ಅಂದಾಜು.

ಸಿನಿಮಾ ಹುಚ್ಚು ಬಿಡಲಾರೆಯಾದರೆ ಹಿಲ್ ರೋಡಿನ ಮೆಹಬೂಬ್ ಸ್ಟುಡಿಯೋ ಮುಂದೆ ಒಂದು ನಿಮಿಷ ನಿಲ್ಲು. ಮೆಹಬೂಬ್ ಖಾನರು 1954ರಲ್ಲಿ ಕಟ್ಟಿದ್ದು. ಒಳಗೆ ಬಿಡುವುದಿಲ್ಲ, ಹೊರಗಿಂದ ನೋಡಲು ಅಂಥದ್ದೇನೂ ಇಲ್ಲ, ಆದರೂ ನಿಲ್ಲು. ಬೆಂಗಳೂರಿನಲ್ಲಿ 1925ರಲ್ಲಿ ಹುಟ್ಟಿದ ಗುರುದತ್ ಪಡುಕೋಣೆ ಮತ್ತು ಮೈಸೂರಿನ ವಿ.ಕೆ. ಮೂರ್ತಿ ಇಬ್ಬರೂ ಸೇರಿ 'ಕಾಗಜ್ ಕೇ ಫೂಲ್' (1959) ಚಿತ್ರದ ಆ ಪ್ರಸಿದ್ಧ ಬೆಳಕಿನ ಕಂಬವನ್ನು ಸೃಷ್ಟಿಸಿದ್ದು ಅಲ್ಲೇ. ದೊಡ್ಡ ಲೈಟು ಹಚ್ಚಿ ಅಲ್ಲ. ಹೊರಗಿನ ಬಿಸಿಲನ್ನೇ ಕನ್ನಡಿಗಳಲ್ಲಿ ಹಿಡಿದು ಕತ್ತಲ ಸ್ಟುಡಿಯೋದೊಳಕ್ಕೆ ತಿರುಗಿಸಿದರು. ಛಾಯಾಗ್ರಾಹಕರೊಬ್ಬರಿಗೆ ಮೊದಲ ಬಾರಿಗೆ ಫಾಲ್ಕೆ ಪ್ರಶಸ್ತಿ ಬಂದದ್ದೂ ಮೂರ್ತಿಯವರಿಗೇ. ನಟರ ಗೇಟಿನ ಮುಂದೆ ಎರಡು ತಾಸು ನಿಂತವಳು ಇವರಿಗೆ ಒಂದು ನಿಮಿಷ ಕೊಡಬಹುದು.

ರಾನ್ವಾರ್, ಚಾಪೆಲ್ ರೋಡ್, ಚಿಂಬಾಯಿ ಕಡೆ ಹೋದರೆ ದನಿ ತಗ್ಗಿಸು. ಅವು ಪ್ರೇಕ್ಷಣೀಯ ಸ್ಥಳಗಳಲ್ಲ, ಜನರ ಮನೆಗಳು. ಹೆಂಚಿನ ಮಾಡು, ಮರದ ಜಗಲಿ, ಹೊರಗಿನಿಂದ ಏರುವ ಮೆಟ್ಟಿಲು ಚೆಂದ ಕಾಣುತ್ತವೆ ನಿಜ. ಅಜ್ಜಿಯೊಬ್ಬಳು ಕಿಟಕಿಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದರೆ ಅದು ನಿನ್ನ ಫೋಟೊಕ್ಕೆ ಅಲ್ಲ. ಕೇಳಿ ತೆಗೆ, ಬೇಡ ಅಂದರೆ ಬಿಡು. ತಿರುವುಗಳಲ್ಲಿ ಶಿಲುಬೆಗಳಿವೆ, ಕೆಲವಕ್ಕೆ ದಿನಾ ಹೂವು. ಅವುಗಳಲ್ಲಿ ಎಷ್ಟೋ 1896ರ ಪ್ಲೇಗಿನ ಕಾಲದಲ್ಲಿ ಮಾರಿ ತೊಲಗಲಿ ಎಂದು ಜನ ನಿಲ್ಲಿಸಿದವು. ಅವುಗಳ ಪಾದಕ್ಕೆ ಒರಗಿ ಐಸ್‌ಕ್ರೀಮ್ ತಿನ್ನುವ ಹುಡುಗರನ್ನು ಕಂಡಿದ್ದೇನೆ. ನಮ್ಮೂರ ಮಾರಿಗುಡಿಯ ಕಟ್ಟೆಗೆ ಯಾರಾದರೂ ಹಾಗೆ ಮಾಡಿದ್ದರೆ ನಿನ್ನ ಅಜ್ಜ ಕೋಲು ಹಿಡಿಯುತ್ತಿದ್ದರು.

ಮೌಂಟ್ ಮೇರಿಗೆ ನೀನು ಖಾಲಿ ದಿನ ಹೋಗಿ ಬಂದೆ. ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ ಹೋಗು. ಮಾತೆ ಮೇರಿಯ ಜನ್ಮದಿನ ಸೆಪ್ಟೆಂಬರ್ 8. ಅದರ ಮುಂದಿನ ಭಾನುವಾರದಿಂದ ಒಂದು ವಾರ ಬಾಂದ್ರಾ ಜಾತ್ರೆ. ಅದೇ 8ನೇ ತಾರೀಕು ಮಂಗಳೂರು ಕಡೆ ಮೊಂತಿ ಹಬ್ಬ, ಹೊಸ ಭತ್ತದ ತೆನೆಗೆ ಆಶೀರ್ವಾದ ಮಾಡಿಸಿ ಮನೆಗೆ ತರುತ್ತಾರೆ, ಅದು ನಿನಗೆ ಗೊತ್ತು. ಇಲ್ಲಿಯ ಕೋಳಿ ಸಮುದಾಯದ ಮೀನುಗಾರರು ಮಾತೆ ಮೇರಿಯನ್ನು ಮೋತ್ ಮಾವ್ಲಿ ಎಂದು ಕರೆದು ತಮ್ಮವಳನ್ನಾಗಿ ಮಾಡಿಕೊಂಡಿದ್ದಾರೆ. ಬೆಟ್ಟದ ಬುಡದಿಂದ ಏರುವ ಮೆಟ್ಟಿಲು ಕಟ್ಟಿಸಿದವರು ಜೀಜೀಭಾಯ್ ಮನೆತನದ ಪಾರ್ಸಿಗಳು. ಈಗಿನ ಚರ್ಚು 1904ರದ್ದು. ದಾರಿಯ ಎರಡೂ ಕಡೆ ಮೇಣದ ಅಂಗಡಿಗಳಲ್ಲಿ ಸರಕು ನೋಡು. ಮೊಣಕಾಲು ನೋವಿದ್ದವರಿಗೆ ಮೇಣದ ಕಾಲು, ಮಗು ಬೇಕಾದವರಿಗೆ ಮೇಣದ ಮಗು, ಮುಂಬಯಿಯಲ್ಲಿ ಎಲ್ಲಕ್ಕಿಂತ ಕಷ್ಟದ ಬೇಡಿಕೆಯಾದ ಸ್ವಂತ ಮನೆಗೆ ಬಾಗಿಲು ಕಿಟಕಿ ಸಮೇತ ಅಂಗೈಯಗಲದ ಮೇಣದ ಮನೆ. ಎಲ್ಲ ಜಾತಿಯವರೂ ಹರಕೆ ಹೊರುತ್ತಾರೆ. ನಿನ್ನ ಅತ್ತೆಯೂ ಒಮ್ಮೆ ಮೇಣದ ಮನೆ ಕೊಂಡಳು. ಫ್ಲ್ಯಾಟು ಆದದ್ದು ಹರಕೆಯಿಂದಲೋ ಬ್ಯಾಂಕಿನ ಸಾಲದಿಂದಲೋ ಎಂದು ನಮ್ಮಲ್ಲಿ ಇನ್ನೂ ಚರ್ಚೆಯಿದೆ.

ಇನ್ನು ಸೀ ಲಿಂಕ್ ಸೇತುವೆ. ಕಾರ್ಟರ್ ರೋಡಿಗಿಂತ ಅದು ನಿನಗೆ ಹೆಚ್ಚು ಹಿಡಿಸಿತು ಎಂದೆ. 2009ರಲ್ಲಿ ತೆರೆದದ್ದು, 5.6 ಕಿಲೋಮೀಟರ್, ಚೆಂದವೇ ಇದೆ. ಆದರೆ ಅದರ ಮೇಲೆ ಕಾಲ್ನಡಿಗೆಯವರಿಗೆ, ಸ್ಕೂಟರಿಗೆ, ರಿಕ್ಷಾಕ್ಕೆ ಪ್ರವೇಶವಿಲ್ಲ, ಕಾರಿಗೆ ಟೋಲು. ಒಂದು ದಿನ ಪಕ್ಕದ ಮಾಹೀಮ್ ಕಾಸ್‌ವೇ ಮೇಲೆ ನಡೆದುನೋಡು. ಹೊಗೆ, ಹಾರ್ನು, ನೋಡಲು ಏನೂ ಚೆಂದವಿಲ್ಲ. ಅಲ್ಲಿ ದೋಣಿಯಲ್ಲಿ ದಾಟಬೇಕಿದ್ದ ಕಾಲದಲ್ಲಿ ಸರ್ಕಾರ ದುಡ್ಡು ಬಿಚ್ಚಲಿಲ್ಲ. ಜಮ್ಶೆಟ್‌ಜೀ ಜೀಜೀಭಾಯ್ ಅವರ ಹೆಂಡತಿ ಅವಾಬಾಯಿ ಒಂದೂವರೆ ಲಕ್ಷಕ್ಕೂ ಹೆಚ್ಚು ರೂಪಾಯಿ ಕೊಟ್ಟರು, ದಾಟುವವರಿಂದ ಸುಂಕ ತೆಗೆದುಕೊಳ್ಳಬಾರದು ಎಂಬ ಷರತ್ತಿನ ಮೇಲೆ. 1845ರಲ್ಲಿ ದಾರಿ ತೆರೆಯಿತು. ಎರಡರಲ್ಲಿ ಯಾವುದು ದೊಡ್ಡ ಸೇತುವೆ ಎಂದು ನೀನೇ ನಡೆದು ತೀರ್ಮಾನಿಸು.

ಹಾಗೆಯೇ ಇವು ಯಾವುವೂ ಶಾಶ್ವತವಲ್ಲ ಎಂಬುದೂ ತಿಳಿದಿರಲಿ. ಕೆಲ ವರ್ಷಗಳ ಹಿಂದೆ ಲಿಂಕಿಂಗ್ ರೋಡ್ ಬಳಿಯ ಪಟವರ್ಧನ್ ಪಾರ್ಕಿನ ಅಡಿಯಲ್ಲಿ ಕಾರು ನಿಲ್ಲಿಸುವ ನೆಲಮಾಳಿಗೆ ತೋಡುವ ಯೋಜನೆ ಬಂದಾಗ ಎದ್ದುನಿಂತವರು ದಿನಾ ಅಲ್ಲಿ ವಾಕಿಂಗ್ ಮಾಡುತ್ತಿದ್ದ ಸಾಮಾನ್ಯ ಜನ. ಮರದ ಬೇರು ಎಷ್ಟು ಆಳ ಹೋಗುತ್ತದೆ, ಮಕ್ಕಳು ಎಲ್ಲಿ ಆಡಬೇಕು ಎಂದು ಕೇಳಿದರು. ಒಮ್ಮೆ ನೋಡಿ ಹೋದವರು ಯಾರೂ ಹಾಗೆ ಕೇಳಲು ಬರುವುದಿಲ್ಲ. ಗೇಟಿಗೆ ಅಂಟಿಸಿದ ನೋಟಿಸನ್ನು ಓದುವ ಅಭ್ಯಾಸ ಮಾಡಿಕೋ, ಮರಾಠಿಯಲ್ಲಿದ್ದರೆ ಓದಲು ಕಲಿ, ದೇವನಾಗರಿ ನಿನಗೆ ಬರುತ್ತದೆ. ಮರ ಕಡಿಯುವ ನೋಟಿಸಾದರೆ ಆಕ್ಷೇಪಣೆಗೆ ದಿನ ಕೊಟ್ಟಿರುತ್ತಾರೆ. ಬಾಂದ್ರಾ ಪಶ್ಚಿಮ, ಖಾರ್ ಪಶ್ಚಿಮ ಎರಡಕ್ಕೂ ಪಾಲಿಕೆಯ ಎಚ್ ವೆಸ್ಟ್ ವಾರ್ಡ್ ಆಫೀಸೇ. ನಾನು ಬಾಡಿಗೆಯವಳು, ನನಗೇನು ಎನ್ನಬೇಡ. ಈ ಊರಿನಲ್ಲಿ ಎಲ್ಲರೂ ಎಲ್ಲಿಂದಲೋ ಬಂದವರೇ.

ಮುಂದಿನ ಭಾನುವಾರ ನಿಸರ್ಗ ಉದ್ಯಾನಕ್ಕೆ ಹೋಗೋಣ. ನಿನ್ನ ಬಿಕೆಸಿಯಿಂದ ಮೀಠಿ ನದಿ ದಾಟಿದರೆ ಸಿಗುವ, ಧಾರಾವಿ ಬದಿಯ 37 ಎಕರೆ ಕಾಡು. 1977ರವರೆಗೆ ಊರಿನ ಕಸದ ಗುಡ್ಡ, 1994ರಲ್ಲಿ ಉದ್ಯಾನವಾಗಿ ತೆರೆಯಿತು. ನೀನು ಆಫೀಸಿನ ಕಿಟಕಿಯಿಂದ ದಿನಾ ಅದರ ಹಸಿರನ್ನು ನೋಡುತ್ತಿರಬಹುದು, ಏನೆಂದು ಕೇಳಿರಲಿಕ್ಕಿಲ್ಲ. ಅಲ್ಲಿ ಹಕ್ಕಿಗಳೂ ಇವೆ. ಪಾಲಿ ಹಿಲ್‌ನಲ್ಲಿದ್ದ ಪಕ್ಷಿತಜ್ಞ ಸಲೀಂ ಅಲಿ ನಮ್ಮ ಮೈಸೂರು ಸೀಮೆಯ ಹಕ್ಕಿಗಳನ್ನೂ ಊರೂರು ಸುತ್ತಿ ಪಟ್ಟಿ ಮಾಡಿದವರು. ನನಗೆ ಕಾಗೆ, ಗಿಳಿ ಬಿಟ್ಟರೆ ಮುಂದಕ್ಕೆ ಗೊತ್ತಾಗುವುದಿಲ್ಲ, ಫೋನಿನಲ್ಲಿ ಹಕ್ಕಿಯ ಆ್ಯಪ್ ಹಾಕಿಕೊಂಡು ಬಾ. ಬೆಳಿಗ್ಗೆ ಎಂಟೂವರೆಗೆ ಗೇಟಿನ ಹತ್ತಿರ ಇರು. ರಿಕ್ಷಾದವನಿಗೆ ಸಾಯನ್-ಬಾಂದ್ರಾ ಲಿಂಕ್ ರೋಡ್ ಎಂದು ಹೇಳು, ಮೀಟರ್ ಹಾಕಿಸು. ಅತ್ತೆ ಅವಲಕ್ಕಿ ಒಗ್ಗರಣೆ ಡಬ್ಬಿಯಲ್ಲಿ ತರುತ್ತಾಳೆ, ನೀನು ನೀರಿನ ಬಾಟಲಿ ತಂದರೆ ಸಾಕು.